ಮತದ ಭಾರವೋ, ಮತದ ಬೆಲೆಯೋ?

ಮತದಾನದ ಸುಧಾರಣೆಯೆಂಬುದು ದಿಲ್ಲಿಯ ಪಂಡಿತರು ಚರ್ಚಿಸಬೇಕಾದ ವಿಷಯ, ಹೊಟ್ಟೆಪಾಡಿಗಾಗಿ ಹೊರನಾಡಿಗೆ ಬಂದ ನಮಗೆ ಅದರ ಗೊಡವೆಯೇಕೆ ಎಂದು ಕೇಳುವವರಿದ್ದಾರೆ. ಆದರೆ ನಾವು ನೆಲೆಸಿರುವ ಗುಜರಾತು ಈ ವಿಷಯದ ಎರಡು ತುದಿಗಳನ್ನೂ ಕಂಡ ರಾಜ್ಯ. ಮತ ಹಾಕದವನಿಗೆ ದಂಡ ವಿಧಿಸುವ ಕಾನೂನನ್ನು ಮಾಡಿದ್ದು ಇಲ್ಲಿನ ವಿಧಾನಸಭೆ. ಮತ ಹಾಕಲು ಸಿದ್ಧರಿದ್ದ ಲಕ್ಷಾಂತರ ಜನರಿಗೆ ಮತಗಟ್ಟೆಯೇ ತೆರೆಯದೆ ಹೋದದ್ದೂ ಇಲ್ಲಿಯೇ.

ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತದಾನವನ್ನು ಕಡ್ಡಾಯಗೊಳಿಸುವ ಮಸೂದೆಗೆ ಗುಜರಾತ್ ವಿಧಾನಸಭೆ 2009ರ ಡಿಸೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಅಂದಿನ ರಾಜ್ಯಪಾಲರಾದ ಕಮಲಾ ಬೇನಿವಾಲ್ ಅದನ್ನು ಹಿಂದಿರುಗಿಸಿದರು. 2011ರಲ್ಲಿ ಸಭೆ ಅದನ್ನು ಮತ್ತೆ ಅಂಗೀಕರಿಸಿತು. 2014ರ ನವೆಂಬರಿನಲ್ಲಿ ರಾಜ್ಯಪಾಲರ ಅಂಕಿತ ದೊರೆಯಿತು. ಸಕಾರಣವಿಲ್ಲದೆ ಮತ ಹಾಕದವನಿಗೆ ನೂರು ರೂಪಾಯಿ ದಂಡವೆಂದು ನಿಯಮಗಳಾದವು. 2015ರ ಆಗಸ್ಟಿನಲ್ಲಿ ಗುಜರಾತ್ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿದ್ದರಿಂದ ಆ ವರ್ಷದ ಕೊನೆಯಲ್ಲಿ ನಡೆದ ಚುನಾವಣೆಗೆ ಕಡ್ಡಾಯದ ಬಿಸಿ ತಟ್ಟಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಕೇಂದ್ರದ ಕಾನೂನು ಆಯೋಗವೂ ತನ್ನ 255ನೆಯ ವರದಿಯಲ್ಲಿ ಕಡ್ಡಾಯ ಮತದಾನ ಬೇಡವೆಂದು ಹೇಳಿತ್ತು.

ಕಡ್ಡಾಯದ ಪರವಾಗಿ ಹೇಳುವ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಬೆಲ್ಜಿಯಂ 1893ರಲ್ಲಿಯೂ ಆಸ್ಟ್ರೇಲಿಯ 1924ರಲ್ಲಿಯೂ ಇದನ್ನು ಜಾರಿಗೆ ತಂದವು; ಆಸ್ಟ್ರೇಲಿಯದಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸು ಮತದಾನ ನಡೆಯುತ್ತದೆ. ಎಲ್ಲರೂ ಬರುವರೆಂದಾದಾಗ ಪಕ್ಷಗಳು ತಮ್ಮ ಬೆಂಬಲಿಗರನ್ನು ಮಾತ್ರ ಓಲೈಸಿ ಸುಮ್ಮನಿರಲಾರವು. ಆದರೆ ಆಸ್ಟ್ರೇಲಿಯದ ಸರ್ಕಾರ ದಂಡ ಹಾಕುವ ಜೊತೆಗೆ ಅಂಚೆಯ ಮೂಲಕ, ಮುಂಚಿತವಾಗಿ, ದೂರದ ಊರಿನಿಂದಲೂ ಮತ ಹಾಕುವ ಅನುಕೂಲವನ್ನು ಮಾಡಿಕೊಟ್ಟಿದೆಯೆಂಬುದನ್ನು ಮರೆಯಬಾರದು. ದಿನಗೂಲಿಯವನ ಒಂದು ದಿನದ ಸಂಪಾದನೆಯನ್ನು ಕಳೆದು, ಮತ್ತೆ ದಂಡವನ್ನೂ ಕೇಳುವುದು ಸುಧಾರಣೆಯಲ್ಲ. ಅದು ಮತದ ಭಾರವನ್ನು ಹೆಚ್ಚಿಸುತ್ತದೆಯೇ ಹೊರತು ಬೆಲೆಯನ್ನಲ್ಲ.

ಇನ್ನೊಂದು ತುದಿ ಸೂರತ್. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ, ಸೂಚಕರು ಸಹಿ ತಮ್ಮದಲ್ಲವೆಂದದ್ದರಿಂದ ತಿರಸ್ಕೃತವಾಯಿತು. ಉಳಿದವರು ಕಣದಿಂದ ಹಿಂದೆ ಸರಿದರು. ಏಪ್ರಿಲ್ 22ರಂದು ಭಾಜಪದ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದರೆಂದು ಘೋಷಣೆಯಾಯಿತು. ಹದಿನಾರು ಲಕ್ಷಕ್ಕೂ ಮಿಗಿಲಾದ ಮತದಾರರಿಗೆ ಮೇ 7 ಸಾಮಾನ್ಯ ದಿನವಾಗಿ ಕಳೆಯಿತು. 2013ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ‘ಮೇಲಿನ ಯಾರೂ ಅಲ್ಲ’ ಎಂದು ಹೇಳುವ ಹಕ್ಕನ್ನು ಮತದಾರನಿಗೆ ಕೊಟ್ಟಿತ್ತು. ಒಬ್ಬನೇ ಅಭ್ಯರ್ಥಿ ಉಳಿದಾಗ ಆ ಗುಂಡಿಯನ್ನು ಒತ್ತುವ ಅವಕಾಶವೂ ಇಲ್ಲವೆಂಬುದು ಸೂರತ್ತಿನಲ್ಲಿ ಸ್ಪಷ್ಟವಾಯಿತು. ಚುನಾವಣಾಧಿಕಾರಿಗಳು ಕಾನೂನಿನಂತೆಯೇ ನಡೆದುಕೊಂಡರು, ತಿದ್ದಬೇಕಾದದ್ದು ಕಾನೂನನ್ನು. ಒಬ್ಬನೇ ಉಳಿದರೂ ಅವನು ಜನರಿಂದ ಇಂತಿಷ್ಟು ಮತವನ್ನು ಪಡೆಯಲೇಬೇಕೆಂಬ ವಿಧಿ ಬರಬೇಕು.

ಈ ಎರಡು ತುದಿಗಳ ನಡುವೆ, ಹೆಚ್ಚು ಗದ್ದಲವಿಲ್ಲದೆ ನಡೆಯುವ ಇನ್ನೊಂದು ಕೊರತೆ ನಮ್ಮ ಮನೆಯ ಬಾಗಿಲಲ್ಲಿಯೇ ಇದೆ. ಹೆಚ್ಚು ಮತ ಪಡೆದವನೇ ಗೆದ್ದನೆಂಬ ನಮ್ಮ ಪದ್ಧತಿಯ ವಿಚಿತ್ರವನ್ನು ಕರ್ನಾಟಕ 2018ರಲ್ಲಿ ತೋರಿಸಿತು: ಶೇಕಡಾ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗಿಂತ ಶೇಕಡಾ 36ರಷ್ಟು ಪಡೆದ ಭಾಜಪಕ್ಕೆ ಹೆಚ್ಚು ಸ್ಥಾನಗಳು ಬಂದವು. ಗುಜರಾತಿನ ಮಹಾನಗರಗಳಲ್ಲಿ ಈ ವಿಚಿತ್ರ ಇನ್ನೂ ಹಿಗ್ಗುತ್ತದೆ. 2015 ಮತ್ತು 2021ರ ಪಾಲಿಕೆ ಚುನಾವಣೆಗಳಲ್ಲಿ ಪ್ರತಿ ವಾರ್ಡಿಗೆ ನಾಲ್ವರು ಸದಸ್ಯರು, ಪ್ರತಿ ಮತದಾರನಿಗೆ ನಾಲ್ಕು ಮತಗಳು ಇದ್ದವು. ವಾರ್ಡಿನಲ್ಲಿ ಮುಂದಿರುವ ಪಕ್ಷ ನಾಲ್ಕೂ ಸ್ಥಾನಗಳನ್ನು ಗುಡಿಸಿಕೊಂಡು ಹೋಗುವುದೇ ಇದರ ಸಹಜ ಫಲ. ಸೂರತ್ ಪಾಲಿಕೆಯಲ್ಲಿ 2015ರಲ್ಲಿ 36 ಸ್ಥಾನ ಪಡೆದಿದ್ದ ಕಾಂಗ್ರೆಸ್ 2021ರಲ್ಲಿ 120ರಲ್ಲಿ ಒಂದನ್ನೂ ಪಡೆಯಲಿಲ್ಲ. ಯಾವ ಪಕ್ಷ ಸೋತಿತೆಂಬುದು ನಮಗೆ ಮುಖ್ಯವಲ್ಲ; ಮತ ಹಾಕಿಯೂ ಪಾಲಿಕೆಯಲ್ಲಿ ತಮ್ಮ ಪರವಾಗಿ ಮಾತನಾಡುವ ಒಬ್ಬನನ್ನೂ ಪಡೆಯದ ನಾಗರಿಕರ ಪಾಡೇನು ಎಂಬುದೇ ಪ್ರಶ್ನೆ.

ಇದಕ್ಕೆ ಮದ್ದು ದೂರದಲ್ಲಿಲ್ಲ. ನಮ್ಮ ರಾಜ್ಯಸಭೆಯ ಸದಸ್ಯರನ್ನು ಶಾಸಕರು ಆರಿಸುವುದು ಒಬ್ಬರಿಗೆ ಒಂದು ವರ್ಗಾವಣೀಯ ಮತವೆಂಬ ಪದ್ಧತಿಯಿಂದ. ಮತದಾರ ತನ್ನ ಒಲವಿನ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಗುರುತಿಸುತ್ತಾನೆ. ಮೊದಲನೆಯವನಿಗೆ ಬೇಡವಾದ ಮತ ಎರಡನೆಯವನಿಗೆ ಹೋಗುತ್ತದೆ. ನಾಲ್ಕು ಸ್ಥಾನದ ವಾರ್ಡಿನಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೆಂಬಲವುಳ್ಳ ಯಾವ ಗುಂಪೂ ಆಗ ಒಬ್ಬ ಪ್ರತಿನಿಧಿಯನ್ನು ಪಡೆಯುತ್ತದೆ. ಐರ್ಲೆಂಡಿನ ಸಾಮಾನ್ಯ ಪ್ರಜೆಗಳು ತಮ್ಮ ಸಂಸತ್ತನ್ನು ಹೀಗೆಯೇ ಆರಿಸುತ್ತಾರೆ.

ಈ ಪದ್ಧತಿಗೂ ದೋಷಗಳಿವೆ. 1949ರ ಜನವರಿಯಲ್ಲಿ ಸಂವಿಧಾನ ಸಭೆಯ ಮುಂದೆ ಪ್ರಮಾಣಾನುಗುಣ ಪ್ರಾತಿನಿಧ್ಯದ ಸಲಹೆ ಬಂದಾಗ ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಅಕ್ಷರಸ್ಥರು ವಿರಳವಾದ ದೇಶದಲ್ಲಿ ಅದು ನಡೆಯದು, ಶಾಸನಸಭೆ ಚೂರುಚೂರಾಗಿ ಸರ್ಕಾರ ನಿಲ್ಲದು ಎಂಬುದು ಅವರ ವಾದ. ಮೊದಲನೆಯ ಆತಂಕ ಬಹುಮಟ್ಟಿಗೆ ಹಿಂದೆ ಸರಿದಿದೆ. ಎರಡನೆಯದು ಇಂದಿಗೂ ಗಟ್ಟಿಯಾದದ್ದೇ. ಲೋಕಸಭೆಗೂ ವಿಧಾನಸಭೆಗೂ ಈ ಪದ್ಧತಿಯನ್ನು ತರುವಾಗ ಹತ್ತು ಸಲ ಯೋಚಿಸಬೇಕು. ಆದರೆ ನೀರು, ಚರಂಡಿ, ಬೀದಿದೀಪಗಳ ಆಡಳಿತ ನಡೆಸುವ ಪಾಲಿಕೆಯಲ್ಲಿ ವಿರೋಧದ ದನಿಯೊಂದು ಹೆಚ್ಚಾಗಿದ್ದರೆ ಸರ್ಕಾರ ಬೀಳುವುದಿಲ್ಲ. ಪ್ರಯೋಗಕ್ಕೆ ಯೋಗ್ಯವಾದ ಅಂಗಳ ಅದೇ.

ಹಾಗಾದರೆ ಕನ್ನಡಿಗರೂ ತಮ್ಮದೊಂದು ಗುಂಪು ಕಟ್ಟಿ ಸ್ಥಾನ ಕೇಳಬಹುದಲ್ಲ ಎಂದು ಯಾರಾದರೂ ಉತ್ಸಾಹಗೊಂಡರೆ, ಅದು ಬೇಡವೆಂಬುದು ನಮ್ಮ ಅಭಿಪ್ರಾಯ. ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿ ಚದುರಿ ಬದುಕುವ ನಮ್ಮ ಸಂಖ್ಯೆಗೆ ಅದು ಎಟುಕದು. ಎಟುಕಿದರೂ, ಭಾಷೆಯ ಹೆಸರಿನಲ್ಲಿ ಮತ ಕೇಳುವ ವಲಸಿಗನಿಗೆ ನೆರೆಯವನು ಅದೇ ಭಾಷೆಯ ಹೆಸರಿನಲ್ಲಿ ಬಾಗಿಲು ಮುಚ್ಚಬಲ್ಲ. ಕನ್ನಡ ನಮ್ಮ ಮನೆಯ, ಸಂಘದ, ಸಾಹಿತ್ಯದ ಮಾತಾಗಿರಲಿ, ಮತ ನಾಗರಿಕನದಾಗಿರಲಿ.

ಆ ಮತ ಈಗ ಎಲ್ಲಿದೆ? ಕೊಯಾಲಿಯ ತೈಲ ಶುದ್ಧೀಕರಣಾಗಾರಕ್ಕೆ ಯೌವನದಲ್ಲಿ ಬಂದು ನಿವೃತ್ತಿಯಾದ ಮೇಲೂ ಹೆಸರನ್ನು ಧಾರವಾಡದ ಅಥವಾ ಉಡುಪಿಯ ಪಟ್ಟಿಯಲ್ಲಿಯೇ ಉಳಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಊರಿನ ಮೇಲಿನ ಅಭಿಮಾನ ಅರ್ಥವಾಗುವಂಥದೇ. ಆದರೆ 1950ರ ಪ್ರಜಾಪ್ರತಿನಿಧಿತ್ವ ಕಾಯಿದೆ ಕೇಳುವುದು ಸಾಮಾನ್ಯ ವಾಸದ ಸ್ಥಳವನ್ನು. ಊರಿನಲ್ಲಿ ಮನೆಯಿದ್ದ ಮಾತ್ರಕ್ಕೆ ಅಲ್ಲಿ ಮತವಿಲ್ಲ, ಎರಡು ಕಡೆ ಹೆಸರಿರುವಂತೆಯೂ ಇಲ್ಲ. ವಿದೇಶದಲ್ಲಿರುವ ಭಾರತೀಯ ಪ್ರಜೆಗೆ 2010ರ ತಿದ್ದುಪಡಿ ಊರಿನ ಮತವನ್ನು ಉಳಿಸಿಕೊಟ್ಟಿದೆ, ಅವನು ಬಂದು ಹಾಕಬೇಕು ಅಷ್ಟೆ. ಗುಜರಾತಿನ ಕನ್ನಡಿಗನಿಗೆ ಆ ಸೌಲಭ್ಯವಿಲ್ಲ. 2023ರ ಜನವರಿಯಲ್ಲಿ ಚುನಾವಣಾ ಆಯೋಗವು 72 ಕ್ಷೇತ್ರಗಳ ಮತವನ್ನು ಒಂದೇ ಯಂತ್ರದಲ್ಲಿ ದೂರದ ಊರಿನಿಂದ ಹಾಕುವ ಏರ್ಪಾಡನ್ನು ಪಕ್ಷಗಳ ಮುಂದಿಟ್ಟಿತು. ವಲಸಿಗನೆಂದರೆ ಯಾರು, ಪರರಾಜ್ಯದ ಮತಗಟ್ಟೆಯನ್ನು ಕಾಯುವವರು ಯಾರು ಎಂಬ ಆಕ್ಷೇಪಗಳೆದ್ದವು. ಋತುಮಾನಕ್ಕೆ ತಕ್ಕಂತೆ ಊರೂರು ಅಲೆಯುವ ಕಟ್ಟಡ ಕಾರ್ಮಿಕನಿಗೆ ಅಂಥದೊಂದು ಏರ್ಪಾಡು ಬೇಕೇ ಬೇಕು. ಮೂವತ್ತು ವರ್ಷ ಇಲ್ಲಿಯೇ ನೆಲೆಸಿದವರಿಗೆ ಅದು ಬೇಕಿಲ್ಲ.

2025ರ ನವೆಂಬರ್ 4ರಿಂದ ಗುಜರಾತಿನಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ, ತಮ್ಮ ಅಥವಾ ತಂದೆತಾಯಿಯ ಹೆಸರು ಹಿಂದಿನ ಪಟ್ಟಿಯಲ್ಲಿ ಎಲ್ಲಿತ್ತೆಂಬ ಪ್ರಶ್ನೆ ಮನೆಮನೆಗೂ ಬಂದಿತು. ಎರಡು ದೋಣಿಯಲ್ಲಿ ಕಾಲಿಟ್ಟವರಿಗೆ ಅದು ಸುಲಭದ ಪ್ರಶ್ನೆಯಲ್ಲ. ಸಂಘಗಳು ರಾಜ್ಯೋತ್ಸವದ ಮಂಟಪದಲ್ಲಿಯೇ ಒಂದು ಮೇಜು ಹಾಕಿ, ವಾಸಸ್ಥಳ ಬದಲಾವಣೆಯ ನಮೂನೆ 8ನ್ನೂ ಹೊಸ ಮತದಾರರ ನಮೂನೆ 6ನ್ನೂ ತುಂಬಿಸಿಕೊಡುವ ಕೆಲಸ ಮಾಡಲಿ. ನಮ್ಮ ಮಕ್ಕಳು ಕಲಿಯುವ ಶಾಲೆ, ನಾವು ಕುಡಿಯುವ ನೀರು, ನಡೆಯುವ ರಸ್ತೆ ಇಲ್ಲಿಯವು. ಅವುಗಳ ಲೆಕ್ಕ ಕೇಳುವ ಅಧಿಕಾರವೂ ಇಲ್ಲಿಯದೇ ಆಗಿರಲಿ. ಪದ್ಧತಿ ಬದಲಾಗಬೇಕೆಂದು ಕೇಳುವ ಬಾಯಿಗೆ ಬಲ ಬರಬೇಕಾದರೆ ಮೊದಲು ಪಟ್ಟಿಯಲ್ಲಿ ಹೆಸರಿರಬೇಕು.