ಶಸ್ತ್ರಚಿಕಿತ್ಸೆಗೆ ಮುನ್ನ ಒಂದು ಲೋಟ ನೀರು

ಮೂರು ವರ್ಷಗಳ ಹಿಂದೆ ಒಂದು ಮುಂಜಾನೆ ನಮ್ಮ ಅಕ್ಕನ ಕೈಯಲ್ಲಿದ್ದ ನೀರಿನ ಲೋಟವನ್ನು ನಾನೇ ಕಿತ್ತುಕೊಂಡೆನು. ಆಕೆಗೆ ಪಿತ್ತಕೋಶದ ಕಲ್ಲಿಗಾಗಿ ಅಂದು ಶಸ್ತ್ರಚಿಕಿತ್ಸೆಯಾಗಬೇಕಾಗಿತ್ತು. ರಾತ್ರಿ ಹನ್ನೆರಡರ ಮೇಲೆ ಅನ್ನ ನೀರು ಯಾವುದನ್ನೂ ಕೊಡಕೂಡದೆಂದು ಆಸ್ಪತ್ರೆಯ ದಾದಿಯು ಕಟ್ಟಪ್ಪಣೆ ಮಾಡಿದ್ದಳು. ಅಕ್ಕನಾದರೋ ಎಂಟು ಗಂಟೆಗೇ ಊಟ ಮುಗಿಸಿ, ಆಮೇಲೆ ಒಂದು ಹನಿಯನ್ನೂ ಮುಟ್ಟಿರಲಿಲ್ಲ. "ಏಕಾದಶಿಯ ದಿನವೂ ತೀರ್ಥಕ್ಕೆ ಅಡ್ಡಿಯಿಲ್ಲವಲ್ಲೋ, ಒಂದು ಗುಟುಕು ಕೊಡೋ" ಎಂದಳು. "ಸುಮ್ಮನಿರಕ್ಕ, ಡಾಕ್ಟರ ಅಪ್ಪಣೆ" ಎಂದು ನಾನು ಮೇಷ್ಟರ ಗತ್ತಿನಿಂದ ಗದರಿದೆನು. ಆಕೆಯ ಸರದಿ ಬಂದುದು ಮಧ್ಯಾಹ್ನ ಎರಡೂವರೆ ಗಂಟೆಗೆ. ಹದಿನೆಂಟು ಗಂಟೆಗಳಿಗೂ ಮೀರಿದ ನಿರ್ಜಲ! ತುಟಿಯೊಡೆದಿತ್ತು, ತಲೆ ಸುತ್ತುತ್ತಿತ್ತು. ಸೂಜಿ ಹಾಕಲು ನರ ಸಿಕ್ಕದೆ ನಾಲ್ಕು ಕಡೆ ಚುಚ್ಚಿದರು. ದೈವಕೃಪೆಯಿಂದ ಆಕೆ ಗುಣಹೊಂದಿದಳು. ಆ ಲೋಟ ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಈ ವರ್ಷ ನನಗೇ ಅಂಡವಾಯುವಿನ ಶಸ್ತ್ರಚಿಕಿತ್ಸೆಯ ಪ್ರಸಂಗ ಬಂದಿತು. ಅರಿವಳಿಕೆಯ ಮದ್ದು ಕೊಡುವ ವೈದ್ಯೆ, ವಯಸ್ಸಿನಲ್ಲಿ ನನ್ನ ಶಿಷ್ಯೆಯಾಗಬಹುದಾದವಳು, ಬೆಳಗ್ಗೆ ಏಳು ಗಂಟೆಗೆ ಬಂದು, "ಮೇಷ್ಟ್ರೇ, ನೀರು ಕುಡಿದಿರಾ?" ಎಂದು ಕೇಳಿದಳು. ಹನಿಯನ್ನೂ ಮುಟ್ಟಿಲ್ಲವೆಂದು ಹೆಮ್ಮೆಯಿಂದ ಹೇಳಿದೆನು. "ಅದೇ ತಪ್ಪು. ನಿಮ್ಮನ್ನು ಕರೆಯುವುದು ಹತ್ತಕ್ಕೆ. ಎಂಟರವರೆಗೆ ನೀರು ಕುಡಿಯಿರಿ" ಎಂದಳು. ನನಗೆ ನಾಚಿಕೆಯೂ ಕುತೂಹಲವೂ ಒಟ್ಟಿಗೇ ಉಂಟಾದುವು. ಆಮೇಲೆ ಆಕೆಯಿಂದಲೂ ಪುಸ್ತಕಗಳಿಂದಲೂ ತಿಳಿದುದನ್ನು ವಾಚಕರಿಗೆ ಅರಿಕೆ ಮಾಡುತ್ತೇನೆ.

ನಿಷೇಧಕ್ಕೆ ಕಾರಣವಿಲ್ಲದಿಲ್ಲ. ಎಚ್ಚರದಲ್ಲಿರುವಾಗ ನೀರು ತಪ್ಪುದಾರಿಗೆ ಹೋದರೆ ಕೆಮ್ಮಿ ಹೊರಹಾಕುತ್ತೇವೆ. ಅರಿವಳಿಕೆಯಲ್ಲಿ ಆ ಕಾವಲುಗಾರನೂ ನಿದ್ರಿಸುವುದರಿಂದ, ಜಠರದಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ನ್ಯೂಯಾರ್ಕಿನ ಪ್ರಸೂತಿ ವೈದ್ಯ ಮೆಂಡೆಲ್ಸನ್ 1946ರಲ್ಲಿ ಇಂತಹ 66 ಪ್ರಸಂಗಗಳನ್ನು ವಿವರಿಸಿದನು; ಅವು 44,016 ಗರ್ಭಿಣಿಯರ ಪೈಕಿ ಕಂಡುಬಂದವು. ಅಲ್ಲಿಂದ ಭಯವು ಬಲವಾಯಿತು. ಕಾಲಕ್ರಮೇಣ ಗಟ್ಟಿ ಆಹಾರ, ತಿಳಿನೀರು ಎಂಬ ಭೇದವಿಲ್ಲದೆ "ನಡುರಾತ್ರಿಯಿಂದ ಏನೂ ಬೇಡ" ಎಂಬ ಸುಲಭಸೂತ್ರವೇ ಎಲ್ಲೆಲ್ಲೂ ನಿಂತುಬಿಟ್ಟಿತು. ಸೂತ್ರಗಳ ಸ್ವಭಾವವೇ ಅಂತಹುದು. ಪಾಠ ಹೇಳಿದವನಿಗೆ ಗೊತ್ತು, ಕಾರಣ ಮರೆತ ಮೇಲೂ ಕಂಠಪಾಠ ಉಳಿಯುತ್ತದೆ. ವಾಸ್ತವವಾಗಿ 1883ರಲ್ಲಿಯೇ ಲಿಸ್ಟರ್ ಮಹಾಶಯನು, ಜಠರದಲ್ಲಿ ಗಟ್ಟಿ ಪದಾರ್ಥವಿರಬಾರದೆಂದು ಹೇಳಿದರೂ, ಕ್ಲೋರೋಫಾರ್ಮಿಗೆ ಎರಡು ಗಂಟೆಗಳ ಮುಂಚೆ ಒಂದು ಬಟ್ಟಲು ಚಹಾ ಕೊಡುವುದು ಹಿತವೆಂದಿದ್ದನು!

ಅನ್ನವೂ ನೀರೂ ಜಠರದಲ್ಲಿ ಒಂದೇ ವೇಗದಿಂದ ಇಳಿಯುವುದಿಲ್ಲ. ಆರೋಗ್ಯವಂತನು ಕುಡಿದ ನೀರಿನ ಅರ್ಧಭಾಗವು ಸುಮಾರು 10ರಿಂದ 20 ನಿಮಿಷಗಳಲ್ಲಿ ಕೆಳಕ್ಕೆ ಹೋಗುತ್ತದೆ. ಅನ್ನಕ್ಕೆ ಹಲವು ಗಂಟೆಗಳು ಬೇಕು. ಏನನ್ನೂ ಕುಡಿಯದಿದ್ದರೂ ಜಠರರಸವೂ ನುಂಗಿದ ಜೊಲ್ಲೂ ಒಳಗೆ ಸೇರುತ್ತಲೇ ಇರುತ್ತವೆ. 1986ರಲ್ಲಿ ಕೆನಡಾದೇಶದ ಮಾಲ್ಟ್‌ಬಿ ಮೊದಲಾದವರು, ಎರಡು ಮೂರು ಗಂಟೆಗಳ ಮುಂಚೆ 150 ಮಿಲಿಲೀಟರು ನೀರು ಕುಡಿದವರ ಜಠರದಲ್ಲಿ ಉಪವಾಸಿಗಳ ಜಠರದಲ್ಲಿದ್ದುದಕ್ಕಿಂತ ಹೆಚ್ಚು ದ್ರವವಿರಲಿಲ್ಲ, ಕೊಂಚ ಕಡಿಮೆಯೇ ಇತ್ತು ಎಂದು ತೋರಿಸಿದರು. 1999ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘವೂ 2020ರಲ್ಲಿ ನಮ್ಮ ಭಾರತದ ಸಂಘವೂ ತಿಳಿದ್ರವಗಳಿಗೆ ಎರಡು ಗಂಟೆಯ ಅವಧಿ ಸಾಕೆಂದು ವಿಧಿಸಿದುವು. ಲಘು ಆಹಾರಕ್ಕೆ ಆರು, ಕರಿದ ಜಿಡ್ಡಿನ ತಿಂಡಿಗೆ ಎಂಟು ಅಥವಾ ಹೆಚ್ಚು, ಎದೆಹಾಲಿಗೆ ನಾಲ್ಕು ಗಂಟೆ.

ತಿಳಿದ್ರವವೆಂದರೆ ಯಾವುದು? ಗಾಜಿನ ಲೋಟದಲ್ಲಿ ಸುರಿದು ಅದರ ಹಿಂದೆ ಅಚ್ಚಿನ ಅಕ್ಷರವನ್ನು ಹಿಡಿದರೆ ಓದಲು ಬರಬೇಕು. ನೀರು, ತಿರುಳಿಲ್ಲದಂತೆ ಸೋಸಿದ ಹಣ್ಣಿನ ರಸ, ಹಾಲು ಬೆರೆಸದ ಕಾಫಿ ಅಥವಾ ಚಹಾ ಈ ಗುಂಪಿಗೆ ಸೇರಿದುವು. ಹಾಲು, ಮಜ್ಜಿಗೆ, ಗಂಜಿ ಸೇರತಕ್ಕವಲ್ಲ. ನಮ್ಮ ಮನೆಗಳಲ್ಲಿ "ಬರಿ ಕಾಫಿ ತಾನೆ" ಎಂದು ಹಾಲು ಹಾಕಿದ ಕಾಫಿಯನ್ನೇ ಕೊಡುವುದುಂಟು, ಅಲ್ಲಿಯೇ ತೊಡಕು. ಎಳನೀರಿನ ವಿಚಾರವನ್ನು ವೈದ್ಯರನ್ನು ಕೇಳಿ ನಿಶ್ಚಯಿಸುವುದು ಲೇಸು.

ಹೀಗೆಂದು ನೀವಾಗಿಯೇ ಲೋಟ ಹಿಡಿದು ಕೊಡತಕ್ಕದ್ದಲ್ಲ. ಕರುಳು ಕಟ್ಟಿದವರಿಗೂ, ಅಪಘಾತದಿಂದ ತುರ್ತಾಗಿ ಬಂದವರಿಗೂ, ಬಹುಕಾಲದ ಮಧುಮೇಹದಿಂದ ಜಠರ ನಿಧಾನವಾದವರಿಗೂ, ಪ್ರಸವವೇದನೆಯಲ್ಲಿರುವವರಿಗೂ ನಿಯಮವು ಬೇರೆಯಾಗಬಹುದು. ಸಕ್ಕರೆಗೂ ತೂಕಕ್ಕೂ ಈಚೆಗೆ ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಕೆಲವು ಮದ್ದುಗಳೂ ಜಠರವನ್ನು ನಿಧಾನಗೊಳಿಸುತ್ತವೆ, ಮುಚ್ಚಿಡದೆ ತಿಳಿಸಿರಿ. ಮಗು ಯಾರ ಕಣ್ಣಿಗೂ ಬೀಳದಂತೆ ಬಿಸ್ಕತ್ತು ತಿಂದಿದ್ದರೆ ಅದನ್ನೂ ಹೇಳಿಬಿಡಿ. ಶಸ್ತ್ರಚಿಕಿತ್ಸೆ ಮುಂದೆ ಹೋದರೆ ಹೋಗಲಿ.

ಹಿಂದಿನ ಸಂಜೆಯೇ ಕೇಳಬೇಕಾದ ಪ್ರಶ್ನೆ ಇಷ್ಟೆ: "ನಮ್ಮ ಸರದಿ ಎಷ್ಟು ಗಂಟೆಗೆ? ನೀರನ್ನು ಎಷ್ಟರವರೆಗೆ ಕೊಡಬಹುದು?" ಸರದಿ ಹಿಂದಕ್ಕೆ ಹೋದರೆ ಮತ್ತೆ ಕೇಳಿರಿ. ದಾದಿಯರಿಗೆ ಕೆಲಸ ಬಹಳ. ಅವರು ಸಿಡುಕಿದರೂ ಬೇಸರಪಡಬೇಡಿರಿ.

ಅಕ್ಕನಿಗೆ ಬರುವ ತಿಂಗಳು ಮಂಡಿಯ ಶಸ್ತ್ರಚಿಕಿತ್ಸೆ ನಿಶ್ಚಯವಾಗಿದೆ. ಮೊನ್ನೆ ಅವಳಿಗೆ ಇದೆಲ್ಲವನ್ನೂ ಓದಿಹೇಳಿದೆನು. ಕೊನೆಯವರೆಗೂ ಕೇಳಿ, "ಹಾಗಾದರೆ ಈ ಸಲ ಲೋಟ ನನ್ನ ಕೈಯಲ್ಲೇ ಇರಲಿ, ಗಡಿಯಾರ ನಿನ್ನ ಕೈಯಲ್ಲಿರಲಿ" ಎಂದಳು.