ಮೆಲುಗಾಳಿಗೆ ಉರುಳಿದ ಕಂಬ

‘ಸಾರ್, ಟಿ.ವಿ. ಟವರ್ ಅಷ್ಟು ಎತ್ತರ ಏಕೆ?’ ಎಂದು ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ. ಟಿ.ವಿ. ಮತ್ತು ಎಫ್.ಎಂ. ರೇಡಿಯೊ ತರಂಗಗಳು ಹೆಚ್ಚು ಕಡಿಮೆ ಬೆಳಕಿನ ಹಾಗೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ಸ್ವಲ್ಪ ದೂರ ಹೋದ ಮೇಲೆ ನೆಲವೇ ಅವಕ್ಕೆ ಅಡ್ಡ. ಗೋಪುರದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ, ತುದಿಯಿಂದ ದಿಗಂತಕ್ಕಿರುವ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 100 ಮೀಟರಿಗೆ ಸುಮಾರು 36 ಕಿ.ಮೀ. ಈ ದೂರ ಎರಡರಷ್ಟಾಗಬೇಕಾದರೆ ಎತ್ತರ ನಾಲ್ಕರಷ್ಟಾಗಬೇಕು!

ಈ ಲೆಕ್ಕವನ್ನೇ ನಂಬಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಎಮ್ಲಿ ಮೂರ್ ಎಂಬಲ್ಲಿ 1966ರಲ್ಲಿ 385 ಮೀಟರಿನ ಪ್ರಸಾರ ಕಂಬ ನಿಲ್ಲಿಸಿದರು. ನಮ್ಮ ಕುತುಬ್ ಮಿನಾರಿನ ಐದರಷ್ಟಕ್ಕೂ ಮಿಗಿಲು. ಬಹುಭಾಗ ಉಕ್ಕಿನ ದುಂಡು ಕೊಳವೆ. ಸುತ್ತಲೂ ತಂತಿಹಗ್ಗಗಳ ಬಿಗಿತ. 1969ರ ಮಾರ್ಚ್ 19ರ ಸಂಜೆ ಐದರ ಹೊತ್ತಿಗೆ ಅದು ಕುಸಿದುಬಿತ್ತು. ಒಂದು ಹಗ್ಗ ಸಮೀಪದ ಪ್ರಾರ್ಥನಾ ಮಂದಿರವನ್ನೇ ಸೀಳಿತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ.

ಬಿರುಗಾಳಿ ಎಂದುಕೊಂಡಿರಾ? ಅಲ್ಲ. ಕಂಬಕ್ಕೂ ಹಗ್ಗಗಳಿಗೂ ಮಂಜುಗಡ್ಡೆ ಒಂದೇ ಸಮನಾಗಿರದೆ ಮೆತ್ತಿಕೊಂಡು ಭಾರವಾಗಿತ್ತು. ಗಾಳಿ ಬೀಸುತ್ತಿದ್ದುದು ಮೆಲ್ಲಗೆ, ಆದರೆ ಎಡೆಬಿಡದೆ. ಹರಿಯುವ ಹೊಳೆಯಲ್ಲಿ ಕೋಲು ನೆಟ್ಟು ನೋಡಿ: ಕೋಲಿನ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳು ಏಳುತ್ತವೆ. ದುಂಡು ಕಂಬದ ಹಿಂದೆ ಗಾಳಿಯೂ ಹಾಗೆಯೇ. ಪ್ರತಿ ಸುಳಿಯೂ ಕಂಬವನ್ನು ಒಂದಿಷ್ಟು ಎಳೆಯುತ್ತದೆ. ಆ ಎಳೆತದ ಲಯ ಕಂಬದ ಸಹಜ ಕಂಪನಕ್ಕೆ ಹೊಂದಿಕೊಂಡರೆ, ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ನೂಕಿದಂತೆ ತೂಗಾಟ ಬೆಳೆಯುತ್ತಾ ಹೋಗುತ್ತದೆ. ಇದೇ ಅನುರಣನೆ. ಇದನ್ನು ಎರಡು ಅಂಕದ ವ್ಯಾಖ್ಯೆಯೆಂದು ಬಾಯಿಪಾಠ ಮಾಡಿದವರೇ ನಾವೆಲ್ಲ! ನಾನೂ ಎಷ್ಟೋ ವರ್ಷ ಸೇತುವೆಯ ಮೇಲಿನ ಸೈನಿಕರ ಉದಾಹರಣೆಯನ್ನಷ್ಟೇ ಹೇಳಿ ಮುಗಿಸುತ್ತಿದ್ದೆ.

ಅದೇ ಬಗೆಯ ಕಂಬ ಬೆಲ್ಮಾಂಟ್‌ನಲ್ಲೂ ಇತ್ತು. ಅದರ ಕೊಳವೆಯೊಳಗೆ ಭಾರಿ ಉಕ್ಕಿನ ಸರಪಳಿಗಳನ್ನು ಇಳಿಬಿಟ್ಟರು. ಕಂಬ ತೂಗಿದರೆ ಸರಪಳಿಗಳು ಗೋಡೆಗೆ ಬಡಿದು ತೂಗಾಟದ ಶಕ್ತಿಯನ್ನು ನುಂಗಬೇಕು. ಎಷ್ಟು ಸರಳ ಉಪಾಯ ನೋಡಿ.

ಎಮ್ಲಿ ಮೂರ್‌ನಲ್ಲಿ ತಾತ್ಕಾಲಿಕ ಕಂಬಗಳಿಂದ ಕೆಲಸ ಸಾಗಿಸಿ, 1971ರಲ್ಲಿ ಮೇಲೆ ಹೋದಂತೆ ಸಪೂರವಾಗುವ ಕಾಂಕ್ರೀಟ್ ಗೋಪುರದಿಂದ ಪ್ರಸಾರ ಆರಂಭಿಸಿದರು. ಎತ್ತರ 330 ಮೀಟರ್, ಇಂದಿಗೂ ನಿಂತಿದೆ. ಎತ್ತರದಲ್ಲಿ 55 ಮೀಟರ್ ಕಳೆದುಕೊಂಡರಲ್ಲ, ದೂರದಲ್ಲಿ ಎಷ್ಟು ಹೋಯಿತು? ನಮ್ಮ ಹುಡುಗ ಅಲ್ಲೇ ಲೆಕ್ಕ ಹಾಕಿದ: ಐದೇ ಕಿಲೋಮೀಟರ್. ‘ಸಾರ್, ಗುಡ್ಡದ ಮೇಲೆ ಕಟ್ಟಿದರೆ ಅದೂ ಸಿಗುತ್ತಲ್ಲ?’ ಎಂದ. ಎಮ್ಲಿ ಮೂರ್ ಕೂಡ ಎತ್ತರದ ಪ್ರದೇಶವೇ ಮಾರಾಯ, ಎಂದೆ.