ಜಗಲಿಯ ಮಾತು: ಹೊಸ ಪ್ರೇಕ್ಷಕಳ ಮೆಚ್ಚಿನ ಸಾರಥಿಗಳು

ಮೋಟಾರು ಪಂದ್ಯದ ವಿಷಯವನ್ನು ಸಂಸಾರಿಗರು ಓದುವ ಪತ್ರಿಕೆಯಲ್ಲಿ ಎತ್ತುವುದುಂಟೆ ಎಂದು ವಾಚಕರು ಹುಬ್ಬೇರಿಸಬಹುದು. ಮಗಳೂ ಅಳಿಯಂದಿರೂ ಅಮೆರಿಕಾದ ಉತ್ತರ ಕೆರೊಲೈನಾ ಸಂಸ್ಥಾನದ ಷಾರ್ಲಟ್ ನಗರದಲ್ಲಿ ಸಂಸಾರ ಹೂಡಿರುವುದರಿಂದ, ಆ ಸೀಮೆಯ ಜನರಿಗೆ ಊರ ತೇರಿನಷ್ಟೇ ಪ್ರಿಯವಾದ ಸ್ಟಾಕ್ ಕಾರ್ ಪಂದ್ಯಗಳ ರುಚಿ ಇಳಿವಯಸ್ಸಿನಲ್ಲಿ ನನಗೂ ಹತ್ತಿತು. ಹತ್ತಿ ಮೂರು ನಾಲ್ಕು ವರ್ಷಗಳಾದುವು. ಅಲ್ಲಿ ಈ ಆಟಕ್ಕೆ ಹೊಸಬರಾದವರನ್ನು ಕಂಡರೆ ನೆರೆಹೊರೆಯವರು ಕುಲಗೋತ್ರಗಳನ್ನು ವಿಚಾರಿಸುವುದಿಲ್ಲ, "ನಿಮ್ಮ ಡ್ರೈವರು ಯಾರು?" ಎಂದು ಕೇಳುತ್ತಾರೆ. ಮೊಮ್ಮಗನದೂ ಅದೇ ಪೀಡನೆ: "ಅಜ್ಜೀ, ನಿನ್ನ ಡ್ರೈವರು ಯಾರು, ಹೇಳಿಬಿಡು."

ಹಳಬರಿಗೆ ಈ ಪ್ರಶ್ನೆ ಕಷ್ಟವೇ ಅಲ್ಲ. ಅವರಿಗೆ ಸಾರಥಿಯು ಮನೆದೇವರಂತೆ ವಂಶಪಾರಂಪರ್ಯವಾಗಿ ಬಂದಿರುತ್ತಾನೆ. ಅಜ್ಜನು ಒಬ್ಬನನ್ನು ಮೆಚ್ಚಿದನೆಂದರೆ ಮೊಮ್ಮಕ್ಕಳೂ ಅವನ ಬಂಡಿಯ ಅಂಕಿಯನ್ನೇ ಟೊಪ್ಪಿಗೆಯ ಮೇಲೆ ಧರಿಸುತ್ತಾರೆ. ನನ್ನಂತಹವರಿಗಾದರೋ ಪಿತ್ರಾರ್ಜಿತವೆಂಬುದೇ ಇಲ್ಲ, ಸ್ವಯಾರ್ಜಿತವೇ ಗತಿ. ಆದುದರಿಂದ ಹಳೆಯ ಕಥೆಗಳನ್ನೆಲ್ಲ ಕೆದಕಿ ಕೆಲವರನ್ನು ಆರಿಸಿಕೊಂಡಿದ್ದೇನೆ. ಅವರಲ್ಲಿ ಎಲ್ಲರೂ ಗೆದ್ದವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಲೇಸು.

ಸ್ಟಾಕ್ ಕಾರ್ ಎಂದರೆ ಅಂಗಡಿಯ ದಾಸ್ತಾನಿನಲ್ಲಿರುವ ಸಾಮಾನ್ಯ ಕಾರು ಎಂದು ಅರ್ಥ. ನ್ಯಾಸ್ಕಾರ್ ಎಂಬ ಸಂಘವು ೧೯೪೮ರಲ್ಲಿ ಸ್ಥಾಪಿತವಾಗಿ, ೧೯೪೯ರ ಜೂನ್ ೧೯ರಂದು ಷಾರ್ಲಟ್ಟಿನ ಮಣ್ಣಿನ ಹಾದಿಯಲ್ಲಿ ಈ ವರ್ಗದ ಮೊದಲ ಪಂದ್ಯವನ್ನು ನಡೆಯಿಸಿದಾಗ ಮಾತಿಗೂ ವಸ್ತುವಿಗೂ ಅಂತರವಿರಲಿಲ್ಲ. ಕಳ್ಳಭಟ್ಟಿಯ ಸಾರಾಯಿಯನ್ನು ರಾತ್ರಿಯ ವೇಳೆ ಬೆಟ್ಟದ ದಾರಿಗಳಲ್ಲಿ ಸಾಗಿಸುತ್ತ ಪೋಲೀಸರ ಕಣ್ಣಿಗೆ ಮಣ್ಣೆರಚುತ್ತಿದ್ದವರು ಕೆಲವರು ಈ ವಿದ್ಯೆಯ ಮೂಲಪುರುಷರಾಗಿದ್ದರೆಂಬುದನ್ನು ಮರೆಮಾಚಲಾಗದು. ಈಗಿನ ಬಂಡಿಗೆ ಅಂಗಡಿಯ ಕಾರಿನ ಹೊರ ರೂಪ ಮಾತ್ರ ಉಳಿದಿದೆ. ಅದಕ್ಕೆ ತೆರೆಯುವ ಬಾಗಿಲಿಲ್ಲ. ಸಾರಥಿಯು ಕಿಟಕಿಯಿಂದ ನುಸುಳಿ ಒಳಗೆ ಕುಳಿತುಕೊಳ್ಳಬೇಕು.

ಗಂಟೆಗಟ್ಟಲೆ ಎಡಕ್ಕೆ ತಿರುಗುತ್ತಿರುವುದರಲ್ಲಿ ಏನು ಸ್ವಾರಸ್ಯ ಎಂದು ನಾನೂ ಕೇಳಿದ್ದುಂಟು. ಸ್ವಾರಸ್ಯ ಗಾಳಿಯಲ್ಲಿದೆ. ಡೇಟೋನಾದಂತಹ ಎರಡೂವರೆ ಮೈಲಿ ಸುತ್ತಳತೆಯ ಹಾದಿಯಲ್ಲಿ ಮುಂದಿನ ಬಂಡಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಅದರ ಬೆನ್ನಿಗೆ ಅಂಟಿಕೊಂಡು ಬರುವ ಬಂಡಿಗೆ ತಡೆ ಕಡಮೆ. ಎರಡೂ ಕೂಡಿದರೆ ಒಂಟಿ ಬಂಡಿಗಿಂತ ವೇಗವಾಗಿ ಓಡುತ್ತವೆ. ಎಂದಮೇಲೆ ಎದುರಾಳಿಯ ಸಹಾಯವಿಲ್ಲದೆ ಗೆಲ್ಲುವಂತಿಲ್ಲ. ಕೊನೆಯ ಸುತ್ತಿನಲ್ಲಿ ಆ ಸಹಾಯವನ್ನು ಮುರಿಯದೆಯೂ ಗೆಲ್ಲುವಂತಿಲ್ಲ. ಅವಿಭಕ್ತ ಕುಟುಂಬದಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಟುಂಬದ ಮಾತು ಬಂದುದರಿಂದ ಪೆಟ್ಟಿ ಮನೆತನವನ್ನು ಮೊದಲು ನೆನೆಯುತ್ತೇನೆ. ಲೀ ಪೆಟ್ಟಿಯು ೧೯೫೯ರಲ್ಲಿ ಡೇಟೋನಾದ ಮೊಟ್ಟಮೊದಲ ೫೦೦ ಮೈಲಿಯ ಪಂದ್ಯವನ್ನು ಗೆದ್ದನು; ಬಂಡಿಗಳು ಒಟ್ಟಿಗೆ ಗೆರೆ ದಾಟಿದ್ದರಿಂದ ಚಿತ್ರಗಳನ್ನು ಪರೀಕ್ಷಿಸಿ ತೀರ್ಪು ಹೇಳಲು ಮೂರು ದಿನ ಹಿಡಿಯಿತು. ಅವನ ಮಗ ರಿಚರ್ಡನು ೨೦೦ ಪಂದ್ಯಗಳನ್ನು ಗೆದ್ದು ಏಳು ಸಲ ವರ್ಷದ ಪಟ್ಟವನ್ನು ಪಡೆದನು. ರಿಚರ್ಡನ ಮಗ ಕೈಲ್. ಕೈಲನ ಮಗ ಆಡಮ್. ೨೦೦೦ನೆಯ ಇಸವಿಯ ಏಪ್ರಿಲಿನಲ್ಲಿ ಮುತ್ತಾತ ಲೀ ತೀರಿಕೊಂಡನು. ಮರುತಿಂಗಳು ೧೨ರಂದು ಹತ್ತೊಂಬತ್ತು ವರ್ಷದ ಆಡಮನು ನ್ಯೂ ಹ್ಯಾಂಪ್‌ಷೈರಿನಲ್ಲಿ ಅಭ್ಯಾಸ ಮಾಡುತ್ತಿರುವಾಗಲೇ ಬಂಡಿ ಗೋಡೆಗೆ ಬಡಿದು ಅಸುನೀಗಿದನು. ಆ ತಂದೆತಾಯಿಗಳು ಮಗನ ನೆನಪಿಗಾಗಿ, ದೀರ್ಘ ರೋಗದಿಂದ ನರಳುವ ಮಕ್ಕಳು ಬಂದು ಕೆಲವು ದಿನ ನಲಿದು ಹೋಗಲೆಂದು ತಮ್ಮೂರಿನಲ್ಲಿ ೨೦೦೪ರಲ್ಲಿ ಒಂದು ಶಿಬಿರವನ್ನು ತೆರೆಯಿಸಿದರು. ಅಲ್ಲಿಗೆ ಬರುವ ಮಕ್ಕಳ ಮನೆಯವರಿಂದ ಕಾಸೂ ತೆಗೆದುಕೊಳ್ಳುವುದಿಲ್ಲ. ರಿಚರ್ಡನ ೨೦೦ ಗೆಲುವುಗಳನ್ನು ಜನರು ಎಣಿಸಲಿ. ನಾನು ಆ ಶಿಬಿರವನ್ನು ಎಣಿಸುತ್ತೇನೆ.

ಡೇಲ್ ಅರ್ನ್‌ಹಾರ್ಟನನ್ನು ಬಿಟ್ಟರೆ ಅಳಿಯಂದಿರು ಮುನಿಸಿಕೊಳ್ಳುತ್ತಾರೆ. ಆತನೂ ಏಳು ಪಟ್ಟಗಳ ವೀರನೇ. ಆದರೆ ಮುಂದಿನವನನ್ನು ಬಂಪರಿನಿಂದ ನೂಕಿ ದಾರಿ ಮಾಡಿಕೊಳ್ಳುವ ಆತನ ಪರಿ ನನಗೆ ಒಗ್ಗಲಿಲ್ಲ. ಹತ್ತೊಂಬತ್ತು ಸಲ ಸೋತು ೧೯೯೮ರಲ್ಲಿ ಇಪ್ಪತ್ತನೆಯ ಯತ್ನಕ್ಕೆ ಡೇಟೋನಾದ ದೊಡ್ಡ ಪಂದ್ಯವನ್ನು ಗೆದ್ದಾಗ, ಎದುರಾಳಿಗಳ ಕೆಲಸಗಾರರೆಲ್ಲ ಸಾಲಾಗಿ ನಿಂತು ಆತನ ಕೈಮುಟ್ಟಿದ ನೋಟ ಮಾತ್ರ ಮರೆಯತಕ್ಕದ್ದಲ್ಲ. ೨೦೦೧ರ ಫೆಬ್ರವರಿ ೧೮ರಂದು ಅದೇ ಪಂದ್ಯದ ಕೊನೆಯ ಸುತ್ತಿನಲ್ಲಿ ಆತನು ಮಡಿದನು. ಆ ಬಳಿಕ ಕುತ್ತಿಗೆಯನ್ನು ಕಾಯುವ ಕವಚ ಕಡ್ಡಾಯವಾಯಿತು. ಪೆಟ್ಟನ್ನು ಹೀರಿಕೊಳ್ಳುವ ಗೋಡೆಗಳು ಬಂದುವು. ೨೦೨೫ರ ಕೊನೆಯವರೆಗೂ ಈ ಅಗ್ರ ಶ್ರೇಣಿಯ ಪಂದ್ಯಗಳಲ್ಲಿ ಮತ್ತೊಬ್ಬ ಸಾರಥಿಯ ಪ್ರಾಣ ಹೋಗಿಲ್ಲ.

ನನ್ನ ಮನಸ್ಸಿಗೆ ತೀರ ಹತ್ತಿರದವನು ಆಲನ್ ಕುಲ್ವಿಕಿ. ಉತ್ತರದ ವಿಸ್ಕಾನ್ಸಿನ್ ಸೀಮೆಯವನು, ಪೋಲಿಷ್ ಮೂಲದವನು, ಯಂತ್ರಶಾಸ್ತ್ರದಲ್ಲಿ ಪದವೀಧರ. ದಕ್ಷಿಣದವರೇ ತುಂಬಿದ್ದ ಈ ಆಟಕ್ಕೆ ತನ್ನದೇ ಪುಟ್ಟ ತಂಡವನ್ನು ಕಟ್ಟಿಕೊಂಡು ಇಳಿದನು. ಜೂನಿಯರ್ ಜಾನ್ಸನ್ನನಂತಹ ಹೆಸರಾಂತ ಯಜಮಾನನು ಕರೆದರೂ ಇನ್ನೊಬ್ಬರ ಬಂಡಿ ಏರಲು ಒಪ್ಪಲಿಲ್ಲ. ೧೯೮೮ರಲ್ಲಿ ಫೀನಿಕ್ಸಿನಲ್ಲಿ ಮೊದಲ ಗೆಲುವು ದೊರೆತಾಗ, ಎಲ್ಲರೂ ಓಡಿಸುವ ದಿಕ್ಕನ್ನು ಬಿಟ್ಟು ಹಿಮ್ಮುಖ ದಿಕ್ಕಿನಲ್ಲಿ ಒಂದು ಸುತ್ತು ಹಾಕಿದನು. ಸಾರಥಿಯ ಪಕ್ಕದ ಕಿಟಕಿ ಆಗ ಜನರ ಕಡೆಗಿರುತ್ತದೆ, ಕೈಬೀಸಲು ಅನುಕೂಲ! ೧೯೯೨ರಲ್ಲಿ ಆರು ಪಂದ್ಯಗಳು ಉಳಿದಿರುವಾಗ ಬಿಲ್ ಎಲಿಯಟ್ಟನಿಗಿಂತ ೨೭೮ ಅಂಕಗಳಷ್ಟು ಹಿಂದೆ ಬಿದ್ದಿದ್ದವನು, ನವೆಂಬರ್ ೧೫ರ ಕೊನೆಯ ಪಂದ್ಯಕ್ಕೆ ಅಟ್ಲಾಂಟಾಕ್ಕೆ ಬರುವ ಹೊತ್ತಿಗೆ ಮತ್ತೆ ಮೇಲಕ್ಕೆ ಬಂದಿದ್ದನು. ತನ್ನ ಫೋರ್ಡ್ ಥಂಡರ್‌ಬರ್ಡ್ ಬಂಡಿಯ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರಗಳನ್ನು ತೆಗೆಯಿಸಿ ‘ಅಂಡರ್‌ಬರ್ಡ್’ ಎಂದು, ಅಂದರೆ ಬಡಪಕ್ಷಿಯೆಂಬಂತೆ, ಅದಕ್ಕೆ ಹೆಸರಿಟ್ಟಿದ್ದನು.

ಆ ದಿನದ ಲೆಕ್ಕವನ್ನು ಕೇಳಿ. ಪಂದ್ಯದಲ್ಲಿ ಹೆಚ್ಚು ಸುತ್ತುಗಳನ್ನು ಮುಂದಾಳಾಗಿ ಓಡಿದವನಿಗೆ ಐದು ಅಂಕಗಳು ಸಲ್ಲುತ್ತಿದ್ದುವು. ಪಂದ್ಯವನ್ನು ಗೆದ್ದವನು ಎಲಿಯಟ್, ಕುಲ್ವಿಕಿ ಎರಡನೆಯವನು. ಆದರೆ ಮುಂದಾಳಾಗಿ ಓಡಿದ ಸುತ್ತುಗಳು ಎಲಿಯಟ್ಟನಿಗೆ ೧೦೨, ಕುಲ್ವಿಕಿಗೆ ೧೦೩. ಆ ಐದು ಅಂಕಗಳೂ ಸೇರಿ ಹತ್ತೇ ಅಂಕಗಳ ಅಂತರದಲ್ಲಿ ವರ್ಷದ ಪಟ್ಟ ಕುಲ್ವಿಕಿಗೆ ಬಂತು. ಒಂದೇ ಒಂದು ಸುತ್ತು ಅತ್ತ ಜಾರಿದ್ದರೆ ಇಬ್ಬರೂ ಸಮ. ಸಮವಾದರೆ ಹೆಚ್ಚು ಪಂದ್ಯಗಳನ್ನು ಗೆದ್ದಿದ್ದ ಎಲಿಯಟ್ಟನಿಗೇ ಪಟ್ಟ. ತಿಂಗಳ ಕೊನೆಯ ಮೂರು ದಿನಕ್ಕೆಂದು ಬೇಳೆಯನ್ನು ಅಳೆದಿಡುವ ನಮ್ಮ ಸೋದರಿಯರು ಈ ಮನುಷ್ಯನನ್ನು ಮೆಚ್ಚದಿರಲಾರರು. ಐದು ತಿಂಗಳು ಕೂಡ ಪಟ್ಟವಾಳಲಿಲ್ಲ. ೧೯೯೩ರ ಏಪ್ರಿಲ್ ೧ರಂದು ಬ್ರಿಸ್ಟಲ್ ಪಂದ್ಯಕ್ಕೆ ಹೋಗುತ್ತಿದ್ದಾಗ ವಿಮಾನ ಬಿದ್ದು ತೀರಿಹೋದನು.

ಈಗ ಓಡಿಸುತ್ತಿರುವವರಲ್ಲಿ ಮೊಮ್ಮಗನಿಗೂ ನನಗೂ ಒಮ್ಮತವಿರುವುದು ರಾಸ್ ಚಾಸ್ಟೇನನ ವಿಷಯದಲ್ಲಿ. ಫ್ಲಾರಿಡಾದಲ್ಲಿ ತಲೆಮಾರುಗಳಿಂದ ಕಲ್ಲಂಗಡಿ ಬೆಳೆಯುವ ಒಕ್ಕಲು ಮನೆತನದವನು. ಗೆದ್ದ ದಿನ ಒಂದು ಕಲ್ಲಂಗಡಿಯನ್ನು ನೆಲಕ್ಕಪ್ಪಳಿಸಿ ಒಡೆಯುತ್ತಾನೆ. ನಾವು ತೇರಿಗೆ ಈಡುಗಾಯಿ ಒಡೆಯುವುದಿಲ್ಲವೆ? ೨೦೨೨ರ ಅಕ್ಟೋಬರ್ ೩೦ರಂದು ಮಾರ್ಟಿನ್ಸ್‌ವಿಲ್ಲಿನ ಕೊನೆಯ ತಿರುವಿನಲ್ಲಿ ಬಂಡಿಯನ್ನು ಹೊರಗೋಡೆಗೆ ಒರಗಿಸಿ, ಬ್ರೇಕು ಹಿಡಿಯದೆ ಪೂರ್ಣ ವೇಗದಲ್ಲಿ ಜಾರಿಸಿ ಐದು ಬಂಡಿಗಳನ್ನು ದಾಟಿದನು. ಬಾಲ್ಯದಲ್ಲಿ ಯಂತ್ರದ ಆಟದಲ್ಲಿ ಹಾಗೆ ಮಾಡಿದ್ದೆನೆಂದು ಹೇಳಿಕೊಂಡನು. ಮರುವರ್ಷದಿಂದ ಹಾಗೆ ಮಾಡಿದವರಿಗೆ ದಂಡನೆಯೆಂದು ಸಂಘವು ಸಾರಿತು. ಅದು ಸರಿಯೇ, ಗೋಡೆಯ ಆಚೆ ಜನರಿರುತ್ತಾರೆ. ೨೦೨೫ರ ಮೇ ತಿಂಗಳಲ್ಲಿ ಷಾರ್ಲಟ್ಟಿನ ೬೦೦ ಮೈಲಿಯ ಪಂದ್ಯದಲ್ಲಿ ಅವನು ಮಾಡಿದ್ದು ನನಗೆ ಇದಕ್ಕಿಂತ ದೊಡ್ಡದೆನಿಸಿತು. ಅಭ್ಯಾಸದಲ್ಲಿ ಬಂಡಿ ಜಜ್ಜಿಹೋಗಿ, ಬದಲಿ ಬಂಡಿಯಲ್ಲಿ ನಲವತ್ತನೆಯವನಾಗಿ, ಅಂದರೆ ಕಟ್ಟಕಡೆಯವನಾಗಿ ಹೊರಟು, ಮೊದಲನೆಯವನಾಗಿ ಬಂದನು.

ಜ್ಯಾನೆಟ್ ಗತ್ರಿಯ ಹೆಸರನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು. ಭೌತಶಾಸ್ತ್ರವನ್ನು ಓದಿ ವಿಮಾನಯಂತ್ರಗಳ ಇಂಜಿನಿಯರಾಗಿದ್ದವಳು. ೧೯೭೬ರಲ್ಲಿ ಷಾರ್ಲಟ್ಟಿನ ಇದೇ ೬೦೦ ಮೈಲಿಯ ಪಂದ್ಯಕ್ಕೆ ಬಂದಾಗ, ಹೆಂಗಸಿಗೆ ಇಷ್ಟು ದೂರ ತಾಳುವ ಬಲವೆಲ್ಲಿ ಎಂದು ನಕ್ಕವರು ಬಹಳ. ಆಕೆ ಹದಿನೈದನೆಯವಳಾಗಿ ಮುಗಿಸಿದಳು. ಮರುವರ್ಷ ಡೇಟೋನಾದ ೫೦೦ ಮೈಲಿಯ ಪಂದ್ಯದಲ್ಲಿ ಓಡಿಸಿದ ಮೊದಲ ಹೆಂಗಸು ಆಕೆಯೇ. ಅಲ್ಲಿ ಹನ್ನೆರಡನೆಯ ಸ್ಥಾನ. ೧೯೭೮ರಲ್ಲಿ ಬೇರೆ ಬಗೆಯ ಬಂಡಿಗಳು ಓಡುವ ಇಂಡಿಯಾನಾಪೊಲಿಸ್ಸಿನ ಪಂದ್ಯವನ್ನು ಮಣಿಕಟ್ಟಿನ ಮೂಳೆ ಮುರಿದಿದ್ದರೂ ಪೂರೈಸಿ ಒಂಬತ್ತನೆಯವಳಾದಳು. ಆ ಮೇಲೆ ಆಕೆಗೆ ಹಣ ಹೂಡುವವರು ಸಿಕ್ಕಲಿಲ್ಲವೆಂಬುದು ವಿಷಾದದ ಸಂಗತಿ.

ವೆಂಡೆಲ್ ಸ್ಕಾಟನ ಕಥೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಇದನ್ನು ಅರಿತ ಮೇಲೆಯೇ ಈ ಆಟ ನನಗೆ ಬರಿಯ ಆಟವಾಗಿ ಉಳಿಯದೆ ಹೋಯಿತು. ವರ್ಜೀನಿಯಾದ ಡ್ಯಾನ್‌ವಿಲ್ ಊರಿನವನು, ಕಪ್ಪು ಜನಾಂಗದವನು, ಟ್ಯಾಕ್ಸಿ ಓಡಿಸಿದ್ದವನು, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಬಂಡಿಗಳನ್ನು ರಿಪೇರಿ ಮಾಡಿದ್ದವನು. ಇತರರು ಬಳಸಿ ಬಿಟ್ಟ ಸಾಮಾನುಗಳಿಂದ ತನ್ನ ಬಂಡಿಯನ್ನು ತಾನೇ ಸಿದ್ಧಪಡಿಸುತ್ತಿದ್ದನು. ಸಹಾಯಕ್ಕೆ ಅವನ ಮಕ್ಕಳೇ. ಬಣ್ಣದ ಕಾರಣದಿಂದ ಪಂದ್ಯಕ್ಕೆ ಸೇರಿಸದೆ ಹಿಂದಿರುಗಿಸಿದ ಊರುಗಳೂ ಇದ್ದುವು.

೧೯೬೩ರ ಡಿಸೆಂಬರ್ ೧ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್ಲಿನಲ್ಲಿ ಅವನು ಎಲ್ಲರಿಗಿಂತ ಎರಡು ಸುತ್ತು ಮುಂದಿದ್ದನು. ಆದರೂ ಗೆಲುವಿನ ಬಾವುಟ ಅವನಿಗೆ ಬೀಳಲಿಲ್ಲ. ಬಕ್ ಬೇಕರನು ಗೆದ್ದನೆಂದು ಸಾರಿ, ಟ್ರೋಫಿಯನ್ನು ಅವನ ಕೈಗಿತ್ತರು. ಸ್ಕಾಟನು ತಕರಾರು ಮಾಡಿದನು. ಲೆಕ್ಕವನ್ನು ಮತ್ತೆ ನೋಡಿ ಗೆದ್ದವನು ಇವನೇ ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಜನರೆಲ್ಲ ಚೆದರಿದ್ದರು, ಟ್ರೋಫಿಯೂ ಹೊರಟುಹೋಗಿತ್ತು. ಎಣಿಕೆಯ ತಪ್ಪೆಂದು ಅಧಿಕಾರಿಗಳ ಸಮಜಾಯಿಷಿ. ಗೆದ್ದವನಿಗೆ ಬಿಳಿಯ ತರುಣಿಯೊಬ್ಬಳು ಮುತ್ತಿಡುವ ಪದ್ಧತಿಯಿತ್ತು. ಆ ನೋಟವನ್ನು ಜನರ ಕಣ್ಣಿಗೆ ಬೀಳಿಸಲು ಅವರಿಗೆ ಮನಸ್ಸಿರಲಿಲ್ಲವೆಂಬುದು ಸ್ಕಾಟನ ನಂಬಿಕೆ. ನನಗೂ ಎಣಿಕೆಯ ಮಾತಿಗಿಂತ ಇದೇ ನಂಬತಕ್ಕದ್ದೆಂದು ತೋರುತ್ತದೆ. ೧೯೭೩ರಲ್ಲಿ ಟ್ಯಾಲಡೇಗಾದ ಅಪಘಾತದಲ್ಲಿ ಮೈಮುರಿಯುವವರೆಗೂ ದುಡಿದು, ಒಟ್ಟು ೪೯೫ ಪಂದ್ಯಗಳನ್ನು ಓಡಿದನು. ಅವುಗಳಲ್ಲಿ ಗೆಲುವು ಆ ಒಂದೇ. ೧೯೯೦ರಲ್ಲಿ ತೀರಿಕೊಂಡನು. ೨೦೧೫ರಲ್ಲಿ ನ್ಯಾಸ್ಕಾರಿನ ಕೀರ್ತಿಭವನದಲ್ಲಿ ಅವನ ಹೆಸರನ್ನು ಸೇರಿಸಿದರು. ಟ್ರೋಫಿಯಾದರೋ ೨೦೨೧ರ ಆಗಸ್ಟ್ ೨೮ರಂದು, ಹತ್ತಿರ ಹತ್ತಿರ ೫೮ ವರ್ಷಗಳ ಮೇಲೆ, ಡೇಟೋನಾದಲ್ಲಿ ಅವನ ಮನೆಯವರ ಕೈಸೇರಿತು. ಹೊಲವನ್ನು ಉತ್ತವನು ಮಣ್ಣಾದ ಮೇಲೆ ಮಕ್ಕಳಿಗೆ ಖಾತೆಯ ಕಾಗದ ಬರುವುದನ್ನು ಕಂಡಿರುವವರು ಆ ದಿನದ ಸಂತೋಷ ಎಂತಹದೆಂಬುದನ್ನು ಊಹಿಸಬಲ್ಲರು.

ಅದಾಗಿ ಐದು ವಾರಗಳು ಕಳೆದಿದ್ದುವು. ಅಕ್ಟೋಬರ್ ೪ರಂದು ಟ್ಯಾಲಡೇಗಾದಲ್ಲಿ ಬಬ್ಬಾ ವ್ಯಾಲೇಸನು ೧೮೮ ಸುತ್ತುಗಳ ಪಂದ್ಯದ ೧೧೭ನೆಯ ಸುತ್ತಿನಲ್ಲಿ ಮುಂದಿದ್ದಾಗ ಮಳೆ ಸುರಿದು ಪಂದ್ಯವನ್ನು ಅಲ್ಲಿಗೇ ಮುಗಿಸಿದರು. ಸ್ಕಾಟನ ತರುವಾಯ ಈ ಅಗ್ರ ಶ್ರೇಣಿಯಲ್ಲಿ ಗೆದ್ದ ಕಪ್ಪು ಜನಾಂಗದ ಮೊದಲ ಸಾರಥಿ ಅವನು. ಮಳೆ ಕೊಟ್ಟ ಗೆಲುವೆಂದು ಮೂಗು ಮುರಿದವರೂ ಇದ್ದರು. ೨೦೨೫ರ ಜುಲೈ ೨೭ರಂದು ಇಂಡಿಯಾನಾಪೊಲಿಸ್ಸಿನ ೪೦೦ ಮೈಲಿಯ ಪಂದ್ಯದಲ್ಲಿ ಅವನೇ ಮುಂದಿದ್ದನು. ಮುಗಿಯಲು ನಾಲ್ಕು ಸುತ್ತುಗಳಿರುವಾಗ ಅಲ್ಲಿಯೂ ಮಳೆ ಬಂತು. ಈ ಸಲ ಹಾದಿಯನ್ನು ಒಣಗಿಸಿ ಪಂದ್ಯವನ್ನು ಮುಂದುವರಿಸಿದರು. ನಡುವೆ ಅಡಚಣೆಯಾಗಿ ಹೆಚ್ಚಿನ ಸುತ್ತುಗಳಿಗಾಗಿ ಮತ್ತೆ ಮತ್ತೆ ಹೊರಡಬೇಕಾಯಿತು. ಪ್ರತಿ ಸಲವೂ ೨೦೨೧ರ ಪಟ್ಟದ ಸಾರಥಿ ಕೈಲ್ ಲಾರ್ಸನ್ನನು ಪಕ್ಕದಲ್ಲಿಯೇ ಇದ್ದನು. ವ್ಯಾಲೇಸನು ದಾರಿ ಬಿಡಲಿಲ್ಲ. ಬಾವುಟ ಅವನಿಗೇ ಬಿತ್ತು.